ಹೊಳ್ಳಿ ನೋಡುವುದು

2018ರ ಡಿಸೆಂಬರ್ ತಿಂಗಳಿನಿಂದ ನನಗೆ ಬಲಕ್ಕೆ ಹೊಳ್ಳಿ ನೋಡಲು ಬರುವುದಿಲ್ಲ. ಎಡಕ್ಕೆ ಬರುತ್ತದೆ, ಅದೂ ಪೂರ್ತಿಯಾಗಿ ಅಲ್ಲ. ಬಲಕ್ಕೆ ಮಾತ್ರ ಕುತ್ತಿಗೆ ಒಂದು ಹಂತದವರೆಗೆ ಹೋಗಿ ತುಕ್ಕು ಹಿಡಿದ ಅಗಳಿಯಂತೆ ನಿಂತುಬಿಡುತ್ತದೆ. ಇನ್ನೂ ನೂಕಿದರೆ ತಲೆಯ ಹಿಂಬದಿಯಿಂದ ಕಣ್ಣುಗುಡ್ಡೆಯವರೆಗೆ ಯಾರೋ ಒಂದು ಎಳೆ ಹಿಡಿದು ಜಗ್ಗಿದಂತಾಗುತ್ತದೆ. ಮನೆಯಲ್ಲಿ ಇದರಿಂದ ಅಂಥ ತೊಂದರೆಯೇನಿಲ್ಲ. ಬಲಗಡೆಯಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ, ದೊಡ್ಡಾಟದ ರಾಜನ ಹಾಗೆ ನೋಡುತ್ತೇನೆ. ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ತೊಂದರೆಯೆಲ್ಲ ಗಾಡಿ ನಡೆಸುವಾಗ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಬಲಕ್ಕೆ ತಿರುಗುವ ಮೊದಲು, ಮುಂದಿನ ಚಕ್ಕಡಿಯನ್ನು ದಾಟುವ ಮೊದಲು, ಅಂಚಿನಲ್ಲಿ ನಿಲ್ಲಿಸಿದ ಗಾಡಿಯನ್ನು ರಸ್ತೆಗೆ ಇಳಿಸುವ ಮೊದಲು ನೋಡಬೇಕಾದದ್ದು ಬಲಹಿಂಬದಿಯನ್ನೇ. ನನಗೆ ಕಾಣದಿರುವ ಜಾಗವೂ ಸರಿಯಾಗಿ ಅದೇ.

ನಾವಿರುವುದು ಹುಬ್ಬಳ್ಳಿಯಲ್ಲಿ. ನನ್ನ ನೌಕರಿ ಕಲಘಟಗಿ ತಾಲ್ಲೂಕಿನ ದುಮ್ಮವಾಡದಲ್ಲಿ, ಶಾಲೆಯ ಟೀಚರು. ದುಮ್ಮವಾಡ ಎಂದರೆ ಹುಬ್ಬಳ್ಳಿಯ ಹಳೆಯ ಜನಕ್ಕೆ ನೀರಸಾಗರ ಕೆರೆ ನೆನಪಾಗುತ್ತದೆ, ನಮ್ಮ ನಲ್ಲಿಗಳಿಗೆ ಎಷ್ಟೋ ವರ್ಷ ನೀರು ಬಂದದ್ದು ಅಲ್ಲಿಂದ. ಅತ್ತ ಮಲೆನಾಡೂ ಅಲ್ಲ, ಇತ್ತ ಎರಿಭೂಮಿಯ ಬಯಲೂ ಅಲ್ಲ, ನಡುವಿನ ಸೀಮೆ. ಭತ್ತ, ಗೋವಿನಜೋಳ, ಹತ್ತಿ, ಕಬ್ಬು. ಕಬ್ಬಿನ ಸುಗ್ಗಿ ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಳಿಯಾಳದ ಕಾರ್ಖಾನೆಯ ಕಡೆ ಸಾಲುಗಟ್ಟುತ್ತವೆ. ಅವುಗಳಲ್ಲಿ ಹಿಂದೆ ಕೆಂಪು ದೀಪ ಇದ್ದದ್ದನ್ನು ಕಂಡರೆ ದಿನ ಚೊಲೋ ಹೋಗುತ್ತದೆ ಎಂದು ನಾವು ಸಹೋದ್ಯೋಗಿಗಳು ಚೇಷ್ಟೆ ಮಾಡುತ್ತಿದ್ದೆವು.

ಆವತ್ತು ಎಮ್ಮೆಗಳು ರಸ್ತೆ ದಾಟುತ್ತಿದ್ದವು, ಕಾರು ನಿಲ್ಲಿಸಿಕೊಂಡು ಕುಳಿತಿದ್ದೆ. ಹಿಂದಿನಿಂದ ಒಂದು ಸರಕಿನ ಗಾಡಿ ಬಂದು ಗುದ್ದಿತು. ಜೋರಾಗಿ ಏನಲ್ಲ. ಕಾರಿನ ಹಿಂಬದಿಗೆ ಉಪ್ಪಿಟ್ಟಿನ ತಾಟಿನಷ್ಟು ನೆಗ್ಗು ಬಿದ್ದಿತ್ತು, ಅಷ್ಟೇ. ನೆತ್ತರಿಲ್ಲ, ಗಾಯವಿಲ್ಲ. ಎಮ್ಮೆಗಳು ಕೂಡ ಬೆದರಲಿಲ್ಲ. ಶಾಲೆಗೆ ಹೋಗಿ ಮೂರು ಪಿರಿಯಡ್ ಪಾಠ ಮಾಡಿ ಬಂದೆ. ಮರುದಿನ ಬೆಳಿಗ್ಗೆ ಏಳಲು ಹೋದರೆ ತಲೆಯೇ ದಿಂಬಿನಿಂದ ಮೇಲೆ ಬರಲೊಲ್ಲದು.

ನಡೆದದ್ದು ಏನೆಂದರೆ, ಹಿಂದಿನಿಂದ ಗುದ್ದಿದಾಗ ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ದೂಡುತ್ತದೆ. ನಾಲ್ಕೈದು ಕಿಲೋ ತೂಗುವ ತಲೆ ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಸಿಕ್ಕ ಕುತ್ತಿಗೆ ಒಂದು ಕ್ಷಣ ಹಾವಿನಂತೆ ಎರಡು ಕಡೆ ಡೊಂಕಾಗಿ, ಆಮೇಲೆ ತಲೆ ಹಿಂದಕ್ಕೂ ಮುಂದಕ್ಕೂ ಬೀಸುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಬಾರುಕೋಲು ಬೀಸಿದಾಗ ಅದರ ತುದಿ ಹೇಗೆ ಆಡುತ್ತದೋ ಹಾಗೆ. ಹೆರಾಲ್ಡ್ ಕ್ರೋವ್ ಎಂಬ ಅಮೆರಿಕದ ಮೂಳೆ ವೈದ್ಯ 1928ರಲ್ಲಿ ಇದಕ್ಕೆ ‘ವಿಪ್‌ಲ್ಯಾಶ್’ ಎಂದು ಹೆಸರಿಟ್ಟ. ತಾನು ಹೇಳಿದ್ದು ತಲೆ ಬೀಸಿದ ರೀತಿಯನ್ನು, ಜನ ಅದನ್ನು ರೋಗದ ಹೆಸರು ಮಾಡಿಬಿಟ್ಟರು ಎಂದು ಮುಂದೆ ಅವನೇ ಪೇಚಾಡಿಕೊಂಡ. 1995ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಕೂತ ತಜ್ಞರು ಈ ಪೆಟ್ಟನ್ನು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಮಾಡಿದರು. ಎಲುಬು ಮುರಿದರೆ ನಾಲ್ಕು, ನರಕ್ಕೆ ಪೆಟ್ಟಾದರೆ ಮೂರು, ನೋವಿನ ಜೊತೆ ಕುತ್ತಿಗೆಯ ಹೊಳ್ಳಾಟ ಕಡಿಮೆಯಾದರೆ ಎರಡು. ಜೀವಮಾನವೆಲ್ಲ ಫಸ್ಟ್ ಕ್ಲಾಸ್ ಎಂದು ಹೇಳಿಕೊಂಡವಳು ಇಲ್ಲಿ ಸೆಕೆಂಡ್ ಕ್ಲಾಸಿಗೆ ಇಳಿದೆ.

ಎಕ್ಸ್‌ರೇ ತೆಗೆಸಿದೆವು, ಆಮೇಲೆ ಸ್ಕ್ಯಾನೂ ಆಯಿತು. ‘ಎಲ್ಲಾ ನಾರ್ಮಲ್ ಅದ’ ಎಂದರು. ಆ ಮಾತು ಕೇಳಿ ಮನೆಯವರಿಗೆಲ್ಲ ಸಮಾಧಾನವಾಯಿತು, ನನ್ನನ್ನು ಬಿಟ್ಟು. ಏಕೆಂದರೆ ಅಂದಿನಿಂದ ನನ್ನ ನೋವಿಗೆ ಸಾಕ್ಷಿ ಇಲ್ಲದಂತಾಯಿತು. ನೋಡಲು ಬಂದವರು ಮೊದಲ ತಿಂಗಳು ಉಪ್ಪಿನ ಕಾವು ಹೇಳಿದರು, ಲಕ್ಕಿ ಸೊಪ್ಪು ತಂದುಕೊಟ್ಟರು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂದು ವಿಳಾಸ ಸಹಿತ ಹೇಳಿದರು. ಆರನೇ ತಿಂಗಳಿಗೆ ದನಿ ಬದಲಾಯಿತು. ಪಕ್ಕದ ಮನೆಯ ವೈನಿ ಒಳ್ಳೆಯವರೇ, ಆದರೂ ಒಂದು ದಿನ ಅಂದರು: ‘ಫೋಟೋದಾಗ ಏನೂ ಇಲ್ಲಂದ್ರ ಮತ್ತ ಯಾಕ ನೋಯ್ತದ್ರೀ? ಮನಸಿಗೆ ಭಾಳ ಹಚ್ಚಿಕೊಂಡೀರಿ ನೀವು.’ ನೋಯುವವರ ನೋವು ನೋಯದವರಿಗೆ ತಿಳಿಯದೆಂಬ ಮಾತನ್ನು ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲೇ ಹೇಳಿ ಮುಗಿಸಿದ್ದಾಳೆ. ನನಗೆ ಕಾಡಿದ್ದು ಅದರ ಮುಂದಿನ ಪ್ರಶ್ನೆ. ತಿಳಿಯದೇ ಇರುವುದನ್ನು ನಂಬಬೇಕೆ, ನಂಬುವುದಾದರೆ ಎಷ್ಟರಮಟ್ಟಿಗೆ?

ಇದು ಹೊಸ ಜಗಳವಲ್ಲ. ರೈಲು ಬಂದ ಹೊಸದರಲ್ಲಿ ಇಂಗ್ಲೆಂಡಿನಲ್ಲಿ ರೈಲು ಅಪಘಾತದಿಂದ ಎದ್ದು ನಡೆದುಕೊಂಡು ಮನೆಗೆ ಹೋದವರು, ಕೆಲವು ದಿನಗಳ ನಂತರ ಬೆನ್ನು ಕುತ್ತಿಗೆ ನೋವು, ಮರೆವು, ನಿದ್ದೆಗೇಡು ಎನ್ನತೊಡಗಿದರು. ಜಾನ್ ಎರಿಕ್ ಎರಿಕ್ಸನ್ ಎಂಬ ಶಸ್ತ್ರವೈದ್ಯ 1866ರಲ್ಲಿ ಪುಸ್ತಕ ಬರೆದು, ಇದು ಬೆನ್ನುಹುರಿಗೆ ಆದ ನಿಜವಾದ ಪೆಟ್ಟು ಎಂದ. 1883ರಲ್ಲಿ ಹರ್ಬರ್ಟ್ ಪೇಜ್ ಎಂಬವನು ಇನ್ನೊಂದು ಪುಸ್ತಕ ಬರೆದು, ಬಹಳಷ್ಟು ಮಂದಿಯಲ್ಲಿ ಇದು ಹೆದರಿಕೆಯ ಕೆಲಸ, ಪರಿಹಾರದ ಆಸೆಯೂ ಇದಕ್ಕೆ ಕೂಡಿಕೊಳ್ಳುತ್ತದೆ ಎಂದ. ಪೇಜ್ ಒಂದು ರೈಲ್ವೆ ಕಂಪನಿಯ ವೈದ್ಯನಾಗಿದ್ದ ಎಂಬುದನ್ನೂ ಸೇರಿಸಬೇಕು. ಹಾಗೆಂದ ಮಾತ್ರಕ್ಕೆ ಅವನ ಮಾತೆಲ್ಲ ಸುಳ್ಳಾಗುವುದಿಲ್ಲ. ಹೆದರಿಕೆಯೂ ದೇಹದೊಳಗೇ ಇರುವುದಲ್ಲವೆ?

1996ರಲ್ಲಿ ಒಂದೇ ವರ್ಷ ಎರಡು ಲೇಖನಗಳು ಬಂದವು. ಒಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಲಿಥುವೇನಿಯಾದಲ್ಲಿ ಆಗ ಜನಕ್ಕೆ ಇಂಥ ವಿಮೆಯೂ ಇರಲಿಲ್ಲ, ಈ ರೋಗದ ಹೆಸರೂ ಗೊತ್ತಿರಲಿಲ್ಲ. ಅಲ್ಲಿ ಹಿಂದಿನಿಂದ ಗುದ್ದಿಸಿಕೊಂಡ 202 ಮಂದಿಯನ್ನು ವರ್ಷಗಳ ಮೇಲೆ ವಿಚಾರಿಸಿದರೆ, ಅಪಘಾತವೇ ಆಗದವರಿಗಿಂತ ಅವರಲ್ಲಿ ನೋವು ಹೆಚ್ಚೇನೂ ಇರಲಿಲ್ಲವಂತೆ. ವಿಮಾ ಕಂಪನಿಗಳಿಗೆ ಇದು ಹಬ್ಬದೂಟವಾಯಿತು. ಆ 202ರಲ್ಲಿ ಮೊದಲ ದಿನಗಳಲ್ಲಿ ನೋವು ಕಂಡವರೇ ಕಡಿಮೆ, ಹೀಗಿರುವಾಗ ಉಳಿದ ನೋವನ್ನು ಎಲ್ಲಿ ಹುಡುಕುತ್ತೀರಿ ಎಂದು ಬೇರೆಯವರು ಕೇಳಿದರು. ಇನ್ನೊಂದು ಲೇಖನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ, ಆಸ್ಟ್ರೇಲಿಯಾದವರದು. ಕತ್ತಿನ ಸಣ್ಣ ಕೀಲುಗಳಿಂದ ನೋವನ್ನು ಒಯ್ಯುವ ನರಗಳನ್ನು ಸೂಜಿಯ ಕಾವಿನಿಂದ ಸುಟ್ಟರು. 24 ರೋಗಿಗಳು, ಅರ್ಧ ಜನಕ್ಕೆ ನಿಜವಾದ ಕಾವು, ಅರ್ಧ ಜನಕ್ಕೆ ಬರೀ ಸೂಜಿ, ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ. ನೋವು ಅರ್ಧದಷ್ಟು ಮರಳಿ ಬರಲು ನಡುವಿನ ಲೆಕ್ಕದಲ್ಲಿ ಮೊದಲಿನವರಿಗೆ 263 ದಿನ ಬೇಕಾಯಿತು, ಉಳಿದವರಿಗೆ 8 ದಿನ. ಎಕ್ಸ್‌ರೇಗೆ ಕಾಣದ ಕೀಲು ಹೀಗೆ ಬಾಯಿಬಿಟ್ಟಿತು. ಈ ಪೆಟ್ಟು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಎಂಬುದು ಬಹಳ ಹಿಂದಿನಿಂದ ಗೊತ್ತಿದೆ. ಆದರೆ ಕಾರಿನ ಸೀಟನ್ನು ಪರೀಕ್ಷಿಸುವಾಗ ಕೂರಿಸುತ್ತಿದ್ದ ಗೊಂಬೆ ಗಂಡಸಿನ ಅಳತೆಯದು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ಮಹಿಳೆ ಮತ್ತು ಅವರ ತಂಡ ಸರಾಸರಿ ಹೆಂಗಸಿನ ಮೈಕಟ್ಟಿನ ಗೊಂಬೆಯನ್ನು ತೋರಿಸಿದ್ದು 2022ರಲ್ಲಿ. ಹೋಗಲಿ ಬಿಡಿ, ಗೊಂಬೆಗಾದರೂ ಹೆಣ್ಣಿನ ಕುತ್ತಿಗೆ ಬಂತಲ್ಲ. (ಅಂದಹಾಗೆ, ಸೀಟಿನ ಮೇಲಿನ ತಲೆ ಆನಿಕೆ ನಿದ್ದೆ ಮಾಡಲಿಕ್ಕೆ ಇಟ್ಟ ದಿಂಬಲ್ಲ. ಅದರ ಮೇಲಂಚು ನಿಮ್ಮ ತಲೆಯ ಮೇಲ್ಭಾಗದ ಮಟ್ಟಕ್ಕಿರಲಿ, ತಲೆಗೆ ಹತ್ತಿರವಿರಲಿ. ಇವತ್ತೇ ಹೋಗಿ ನೋಡಿರಿ.)

ಗಾಡಿ ನಡೆಸುವಾಗ ಏನಾಗುತ್ತದೆ ಎಂಬುದನ್ನು ನಾನು ಯಾರಿಗೂ ನೆಟ್ಟಗೆ ಹೇಳಲಾರದೆ ಇದ್ದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೂಲಿಯಾ ಟ್ರೆಲೀವನ್ ಮತ್ತು ಸಂಗಡಿಗರು ನನ್ನಂಥವರನ್ನು ಕೂರಿಸಿಕೊಂಡು ಇದನ್ನೇ ವಿಚಾರಿಸಿದ್ದಾರೆ ಎಂದು ಓದಿದಾಗ, ದೂರದ ಊರಿನಲ್ಲಿ ತವರಿನವರು ಸಿಕ್ಕಂತಾಯಿತು. ಹಿಂದೆ ತೆಗೆಯುವುದು, ಪಕ್ಕದ ಕುರುಡು ಜಾಗ ನೋಡುವುದು, ಬಹಳ ಹೊತ್ತು ನಡೆಸುವುದು ಕಷ್ಟವೆಂದು ಅವರೂ ಹೇಳಿದ್ದಾರೆ. ಹೊಳ್ಳದ ಕುತ್ತಿಗೆಯೊಂದೇ ತೊಡಕಲ್ಲ. ತಲೆ ಯಾವ ಕಡೆ ಇದೆ ಎಂದು ಕಣ್ಣಿಗೂ ಕಿವಿಯೊಳಗಿನ ಸಮತೋಲಕ್ಕೂ ಸುದ್ದಿ ಮುಟ್ಟಿಸುವವು ಕತ್ತಿನ ಮೇಲ್ಭಾಗದ ಪುಟ್ಟ ಸ್ನಾಯುಗಳು. ಆ ಸುದ್ದಿ ತಪ್ಪಿದರೆ ತೇಲಿದಂತೆ ತಲೆಸುತ್ತು, ನೋಟ ನಿಲ್ಲದು. ಮೇಲಾಗಿ ಅರ್ಧ ತಾಸು ನೋವನ್ನು ಹಲ್ಲುಕಚ್ಚಿ ಹಿಡಿದವರಿಗೆ ರಸ್ತೆಯ ಕಡೆ ಕೊಡಲು ಮನಸ್ಸೇ ಉಳಿದಿರುವುದಿಲ್ಲ. ಕಲಘಟಗಿ ದಾಟುವವರೆಗೆ ನಾನು ಚುರುಕು. ಆಮೇಲೆ ಬಂದ ಹಂಪುಗಳು ಎಷ್ಟು ಎಂದು ಕೇಳಿದರೆ ಹೇಳಲಾರೆ.

ಈ ಒಂದು ಕುತ್ತಿಗೆಯ ಬಗ್ಗೆ ಮೂರು ಕಡೆ ಮೂರು ಬಗೆಯಲ್ಲಿ ಉತ್ತರ ಹೇಳಬೇಕಾಗಿ ಬಂತು. ಪರಿಹಾರದ ಅರ್ಜಿಯ ವಿಚಾರಣೆಯಲ್ಲಿ ವಿಮಾ ಕಂಪನಿಯ ವಕೀಲರು ಕೇಳಿದರು: ‘ಈಗಲೂ ಕಾರು ನಡೆಸ್ತೀರಾ?’ ‘ಕೆಲವು ದಿನ’ ಎಂದೆ. ‘ಅಂದರೆ ನಡೆಸ್ತೀರಿ’ ಎಂದು ಬರೆಸಿದರು. ಕೆಲವು ದಿನ ಎಂಬ ಎರಡು ಶಬ್ದಗಳಲ್ಲಿ ನನ್ನ ಬದುಕೆಲ್ಲ ಇತ್ತು, ಅವನ್ನೇ ಬಿಟ್ಟರು. ನೋವು ನಿಜವೆಂದು ನಂಬಿಸಬೇಕಾದರೆ ನಾನು ಕಾರನ್ನು ಪೂರ್ತಿ ಬಿಡಬೇಕಿತ್ತು.

ಮನೆಗೆ ಬಂದರೆ ಇನ್ನೊಂದು. ನೋವು ಎಂದು ಬಾಯಿಬಿಟ್ಟರೆ ಸಾಕು, ‘ಬಿಟ್ಟುಬಿಡು, ಯಾಕೆ ಬೇಕು ಕಾರು? ನಾನು ಬಿಟ್ಟುಬರ್ತೀನಿ’ ಎಂದು ನಮ್ಮವರು. ಪ್ರೀತಿಯ ಮಾತೇ ಅದು. ಆದರೆ ಅವರಿಗೆ ಬಿಡುವಿದ್ದ ದಿನ ನನಗೆ ಕೆಲಸ, ಅವರು ಹೊರಟ ಹೊತ್ತು ನನ್ನ ಹೊತ್ತು. ನಮ್ಮ ಮಾವನವರು ಕಣ್ಣಿಗೆ ಪೊರೆ ಬಂದ ಮೇಲೂ ಎರಡು ವರ್ಷ ಬಜಾಜ್ ಚೇತಕ್ ಹೊಡೆದರು. ‘ಅಜ್ಜಾರಿಗೆ ರೂಢಿ ಅದ’ ಎಂದು ಎಲ್ಲರೂ ಸುಮ್ಮನಿದ್ದರು. ಗಂಡಸಿಗೆ ರೂಢಿ, ಹೆಂಗಸಿಗೆ ಜೋಪಾನ. ಡ್ರೈವಿಂಗ್ ಕಲಿಯುವಾಗ ಕೇಳಿದ ‘ಯಾಕೆ ಬೇಕು’ ಮತ್ತು ಪೆಟ್ಟಾದ ಮೇಲೆ ಕೇಳಿದ ‘ಯಾಕೆ ಬೇಕು’ ಇವೆರಡರ ದನಿ ಒಂದೇ ಆಗಿರುವಾಗ, ಯಾವುದು ಕಾಳಜಿ ಯಾವುದು ಕಟ್ಟು ಎಂದು ಬೇರೆ ಮಾಡುವುದು ಸಲೀಸಲ್ಲ. ನಿಮ್ಮಲ್ಲಿ ಅನೇಕರು ಸ್ಕೂಟಿಯ ಕೀಲಿಯನ್ನು ಎಷ್ಟು ಮಾತು ಕೇಳಿ ಸಂಪಾದಿಸಿದ್ದೀರಿ ಎಂದು ನನಗೆ ಗೊತ್ತಿದೆ. ಅದನ್ನು ಮೊಳೆಗೆ ತೂಗುಹಾಕುವುದೆಂದರೆ ಕುತ್ತಿಗೆಯ ಲೆಕ್ಕ ಒಂದೇ ಅಲ್ಲ.

ಆದರೂ ಮೂರನೆಯ ಕಡೆಯೊಂದಿದೆ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಫಾರ್ಮ್ 1 ಎಂಬ ಸ್ವಯಂ ಘೋಷಣೆಗೆ ಸಹಿ ಮಾಡುತ್ತೇವೆ, ಏಜೆಂಟರು ತೋರಿಸಿದ ಜಾಗದಲ್ಲಿ, ಹೆಚ್ಚಾಗಿ ಓದದೆ. ನಾನು ಈಚೆಗೆ ಕೂತು ಓದಿದೆ. ಮೂರ್ಛೆಯೋ ತಲೆಸುತ್ತೋ ಬರುವುದುಂಟೇ, 25 ಮೀಟರ್ ದೂರದ ನಂಬರ್ ಪ್ಲೇಟು ಕಾಣುತ್ತದೆಯೇ, ಕೈಕಾಲಿನ ಚಲನೆಯಲ್ಲಿ ದೋಷವಿದೆಯೇ, ಕೆಂಪು ಹಸಿರು ತಿಳಿಯುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಕುತ್ತಿಗೆಯ ಹೆಸರೇ ಇಲ್ಲ. ಆದರೆ ಕೊನೆಗೊಂದು ಪ್ರಶ್ನೆ ಇದೆ. ನೀವು ವಾಹನ ನಡೆಸುವುದರಿಂದ ಸಾರ್ವಜನಿಕರಿಗೆ ಅಪಾಯ ಆಗುವಂಥ ಬೇರೆ ಯಾವುದಾದರೂ ರೋಗ ಅಥವಾ ಊನ ನಿಮಗಿದೆಯೇ? ಅದಕ್ಕೆ ಉತ್ತರ ಹೇಳಬೇಕಾದವಳು ನಾನೊಬ್ಬಳೇ. ವಕೀಲರ ಹಾಗೆ ಅಲ್ಲಿ ಯಾರೂ ಎದುರು ನಿಂತಿಲ್ಲ, ಮನೆಯವರ ಹಾಗೆ ಗದರಿಸುವವರಿಲ್ಲ. ಸಾರ್ವಜನಿಕರು ಎಂಬ ಶಬ್ದಕ್ಕೆ ಮುಖವೂ ಇಲ್ಲ.

ನನಗೆ ಮಾತ್ರ ಆ ಮುಖ ಕಂಡಿತು. 2006ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಎರಡೆರಡು ಜಡೆ ಹಾರಿಸಿಕೊಂಡು ಅವುಗಳ ಮೇಲೆ ಬರುತ್ತಿದ್ದರು. ಅಕ್ಕಂದಿರ ಸೈಕಲ್ಲುಗಳ ಮೇಲೆ ತಂಗಿಯರು ಈಗಲೂ ಬರುತ್ತಾರೆ. ಶಾಲೆಯ ಮುಂದೆ ನಾನು ಕಾರನ್ನು ನಿಧಾನ ಮಾಡಿದರೆ ‘ಟೀಚರ್ರೀ’ ಎಂದು ಕೂಗುತ್ತ ಬಲಗಡೆಯಿಂದ ಮುಂದೆ ಹೋಗುವುದು ಅವರಿಗೊಂದು ಖುಷಿ. ಕನ್ನಡಿಗೆ ಸಿಗದ, ಕುತ್ತಿಗೆ ಹೊಳ್ಳಿದರೆ ಮಾತ್ರ ಕಾಣುವ ಆ ಎರಡು ಮೊಳದ ಜಾಗದಲ್ಲೇ ಅವರು ಇರುತ್ತಾರೆ. ಒಂದು ಸಂಜೆ ಶಾಲೆಯ ಅಂಗಳದಲ್ಲಿ ನಿಂತ ಕಾರಿನೊಳಗೆ ಕೂತು, ಒಬ್ಬ ಹುಡುಗಿಯನ್ನು ಸೈಕಲ್ ಹಿಡಿದು ಅಲ್ಲಿ ನಿಲ್ಲಿಸಿ, ಕಾಣುತ್ತಾಳೆಯೇ ಎಂದು ನೋಡಿದೆ. ದನಿ ಕೇಳಿಸಿತು, ಹುಡುಗಿ ಕಾಣಲಿಲ್ಲ. ನನ್ನ ನೋವನ್ನು ಯಾರು ನಂಬಿದರೆಷ್ಟು ಬಿಟ್ಟರೆಷ್ಟು, ಆ ಜಾಗದ ವಿಷಯದಲ್ಲಿ ನಾನೇ ನಂಬದಿದ್ದರೆ ನಡೆಯುವುದಿಲ್ಲ ಎಂದುಕೊಂಡೆ. ವಕೀಲರು ನಕ್ಕರೂ ನಮ್ಮವರು ಗೆದ್ದರೂ ಸರಿ.

ಅದರಂತೆ ಸ್ಕೂಟರನ್ನು ಪೂರ್ತಿ ಬಿಟ್ಟೆ. ಹೆಲ್ಮೆಟ್ಟಿನ ಭಾರವೂ ಕುತ್ತಿಗೆಗೆ ಆಗುತ್ತಿರಲಿಲ್ಲ. ಕಾರಿಗೆ ಎರಡೂ ಬದಿ ಗೋಲಿಯಂಥ ಉಬ್ಬುಗನ್ನಡಿ ಅಂಟಿಸಿಕೊಂಡೆ, ಈಗ ಆ ಹುಡುಗಿ ಕಾಣುತ್ತಾಳೆ, ಬೆರಳಷ್ಟು. ಬೆಳಿಗ್ಗೆ ಎದ್ದು ಗೋಡೆಗೆ ಬೆನ್ನು ಕೊಟ್ಟು ತಲೆ ಹೊಳ್ಳಿಸುತ್ತೇನೆ. ಬಲಗಡೆ ಕಿಟಕಿಯ ತನಕ ಹೋದರೆ ಕಾರು, ಕ್ಯಾಲೆಂಡರಿನಲ್ಲೇ ನಿಂತರೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ, ಸರಿ. ಆದರೆ ನಿಂತುಕೊಂಡು ಹೋಗುವಾಗ ಪ್ರತಿ ಹಂಪಿಗೂ ನನ್ನ ಕುತ್ತಿಗೆ ತನ್ನದೇ ಟಿಕೆಟ್ ಕೇಳುತ್ತದೆ. ಕ್ಯಾಲೆಂಡರಿನ ದಿನಗಳು ಕಿಟಕಿಯ ದಿನಗಳಿಗಿಂತ ಹೆಚ್ಚು.

ನನಗೆ ಹೀಗೆ ದಿನ ಆರಿಸಿಕೊಳ್ಳಲು ಬಂದದ್ದು ತಿಂಗಳ ಸಂಬಳ ಇರುವುದರಿಂದ. ಬಸ್ಸಿಗೆ ಕಾಯುತ್ತ ನಿಂತಾಗ ಒಬ್ಬ ಟೆಂಪೋದವನು ಬಂದು ಮಾತಾಡಿಸಿದ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ‘ಅಕ್ಕಾರ, ನಿಮಗೂ ಬಲಕ್ಕ ಕುತಿಗಿ ಹೊಳ್ಳಂಗಿಲ್ಲಂತಲ್ರಿ? ನಂದೂ ಹಂಗ ಐತ್ರಿ.’ ಮೂರು ವರ್ಷದ ಹಿಂದೆ ಯಾವುದೋ ಲಾರಿ ಹಿಂದಿನಿಂದ ಗುದ್ದಿತ್ತಂತೆ. ಅವನಿಗೆ ವಿಮೆಯ ಹಣವಿಲ್ಲ, ಕೋರ್ಟಿಲ್ಲ, ವಿಪ್‌ಲ್ಯಾಶ್ ಎಂಬ ಹೆಸರೂ ಕೇಳಿಲ್ಲ. ಲಿಥುವೇನಿಯಾಕ್ಕೆ ಹೋಗಿ ಬಂದ ಪಂಡಿತರು ಇಲ್ಲಿಗೂ ಒಮ್ಮೆ ಬರಬೇಕಿತ್ತು. ಅವನ ನೋವು ನನ್ನ ನೋವಿನ ತದ್ರೂಪು. ಕಣ್ಣುಗುಡ್ಡೆಯ ಎಳೆಯನ್ನು ಅವನೇ ಬೆರಳಿಂದ ತೋರಿಸಿದ.

‘ಗಾಡಿ ಬಿಡಾಕ ಆಗ್ತೈತೇನ್ರಿ? ಮ್ಯಾಲ ಸಾಲ ಐತಿ. ನಿಮಗಂತ ಹೇಳೇನಿ, ಯಾರ ಮುಂದೂ ಅನಬ್ಯಾಡ್ರಿ ಮತ್ತ’ ಎಂದ.

ಆ ಟೆಂಪೋದಲ್ಲಿ ಹೋಗುವುದು ಬರೀ ಗೊಬ್ಬರ, ಗೋವಿನಜೋಳ ಅಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹೆಣ್ಣಾಳುಗಳು ಬುತ್ತಿ ಗಂಟು ಹಿಡಿದು ಹಿಂದೆ ನಿಂತಿರುತ್ತಾರೆ. ಸರಕಿನ ಗಾಡಿಯಲ್ಲಿ ಜನರನ್ನು ಒಯ್ಯಬಾರದೆಂಬ ಕಾನೂನು ಅವರಿಗೂ ಗೊತ್ತಿದೆ, ಪೊಲೀಸರಿಗೂ ಗೊತ್ತಿದೆ. ನಾನು ಬಿಟ್ಟ ರಸ್ತೆಯಲ್ಲಿ ಅವನು ಅಷ್ಟು ಜನರನ್ನು ಹೊತ್ತು ಹೋಗುತ್ತಾನೆ, ನನ್ನದೇ ಕುತ್ತಿಗೆ ಇಟ್ಟುಕೊಂಡು. ನನ್ನನ್ನು ನಂಬಿ ಹೇಳಿದ ಗುಟ್ಟು ಅದು. ಆ ಹೆಂಗಸರು ಅವನನ್ನು ನಂಬಿ ಹತ್ತಿದ್ದಾರೆ. ಯಾರ ನಂಬಿಕೆಯನ್ನು ಕಾಯಬೇಕು? ಆರ್‌ಟಿಓಗೆ ಒಂದು ಕಾಗದ ಬರೆದರೆ ನನ್ನ ಕೈ ಸ್ವಚ್ಛವಾಗುತ್ತದೆ, ಅವನ ಮನೆಯ ಒಲೆ ಆರುತ್ತದೆ. ಮೂರು ದಿನ ಯೋಚಿಸಿದೆ. ನಾಲ್ಕನೆಯ ದಿನ ಅವನಿಗೇ ಹೇಳಿದೆ: ‘ಹೆಣ್ಣಾಳು ಹತ್ತಿದ ದಿನ ಪಕ್ಕದಾಗ ಒಬ್ಬನ್ನ ಕೂಡಿಸ್ಕೋಪಾ. ಅವ ಹೊಳ್ಳಿ ನೋಡ್ಲಿ. ಒಬ್ಬನ್ನ ಕೂಡಿಸ್ಕೊಳ್ಳಲಿಲ್ಲಂದ್ರ ಆ ಹೆಂಗಸರಿಗೆ ನಾನ ಹೇಳಬೇಕಾಗ್ತದ.’ ಸಿಟ್ಟಾದ. ಎರಡು ವಾರ ಮಾತಾಡಲಿಲ್ಲ. ಆಮೇಲೆ ಅಕ್ಕನ ಮಗನನ್ನು ಕ್ಲೀನರ್ ಮಾಡಿಕೊಂಡ. ಹಳೆಯ ಲಾರಿಗಳಲ್ಲಿ ಇದ್ದ ವ್ಯವಸ್ಥೆಯೇ ಅಲ್ಲವೆ ಅದು? ಹುಡುಗ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಬಾಡಿಯನ್ನು ಅಂಗೈಯಿಂದ ಬಡಿದು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎನ್ನುತ್ತಾನೆ. ಬಲಕ್ಕೆ ತಿರುಗುವಾಗ ಅವನು ಹಿಂದೆ ಹೊಳ್ಳಿ ನೋಡುತ್ತಾನೆ, ಮಾವ ಮುಂದೆ ನೋಡುತ್ತಾನೆ.

ಹುಡುಗನಿಗೆ ದಿನಕ್ಕೆ ಇಷ್ಟು ಎಂದು ಪಗಾರ ಕೊಡಬೇಕು. ಬಾಡಿಗೆ ಕಡಿಮೆಯಾದ ವಾರ ಅದೂ ಹೊರೆಯೇ. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಆ ಟೆಂಪೋ ದೂರದಲ್ಲಿ ಕಂಡರೆ ನಾನು ಮೊದಲು ಎಡಗಡೆಯ ಸೀಟನ್ನು ನೋಡುತ್ತೇನೆ. ಹೋದ ಮಂಗಳವಾರ ಹಿಂದೆ ಎಂಟು ಹೆಂಗಸರಿದ್ದರು, ಹುಡುಗ ಇರಲಿಲ್ಲ. ನಾನು ರಸ್ತೆಗಿಳಿದು ಕೈ ಅಡ್ಡ ಹಿಡಿದೆ.